ಕನ್ನಡಕ ಮನೆಯಲ್ಲಿ ಬಿಟ್ಟುಬಂದ ಚಿಗವ್ವ

ಕಳೆದ ವಾರ ಕನ್ನಡಕದ ನಂಬರು ಬದಲಾಗಿದೆಯೇನೋ ಎಂದು ಕಣ್ಣಿನ ಡಾಕ್ಟರ ಬಳಿ ಹೋಗಿದ್ದೆ. ನರ್ಸ್ ನನ್ನ ತಲೆಯನ್ನು ಹಿಂದಕ್ಕೆ ವಾಲಿಸಿ ಎರಡೂ ಕಣ್ಣಿಗೆ ಹನಿ ಹಾಕಿ, ಮುಚ್ಚಿಕೊಂಡು ಕೂತಿರಿ ಎಂದಳು. ಸ್ವಲ್ಪ ಹೊತ್ತಿಗೆ ಆ ಔಷಧಿ ಮೂಗಿನ ಹಿಂದಿನಿಂದ ಇಳಿದು ಗಂಟಲೆಲ್ಲ ಕಹಿಯಾಯಿತು. "ಕಣ್ಣಿಗೆ ಹಾಕಿದ್ರ ಗಂಟಲಾ ಯಾಕ ಕಯ್ಯ ಆಗಬೇಕು ತಂಗಿ?" ಎಂದು ಯಾರೋ ಪಕ್ಕದಲ್ಲೇ ಕೂತು ಕೇಳಿದಂತಾಯಿತು. ಮುಚ್ಚಿದ ಕಣ್ಣಿನಿಂದ ನೀರು ಇಳಿಯತೊಡಗಿತು. ಔಷಧಿ ಉರಿಯುತ್ತಿದೆಯಾ ಎಂದು ನರ್ಸ್ ಕೇಳಿದಳು. ಹೌದು ಎಂದೆ.

ಹಿಂದೊಮ್ಮೆ ಹಾಗೆ ಕೇಳಿದ್ದವರು ಇಳಕಲ್ಲಿನ ಒಬ್ಬ ನೇಕಾರ ಹೆಂಗಸು. ನಾನು ಅವರನ್ನು ಆ ಕಡೆಯ ಮಾತಿನಲ್ಲಿ ಚಿಗವ್ವ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದೆ. ಅವರ ಜೊತೆ ನಾನು ಕಳೆದದ್ದು ಎಲ್ಲ ಸೇರಿ ಎರಡು ದಿನವೂ ಆಗುವುದಿಲ್ಲ...

ಅವರು ಸಿಕ್ಕ ವರ್ಷ ಅಮ್ಮ ಹೋಗಿ ಮೂರು ತಿಂಗಳಾಗಿತ್ತು. ಮೈಸೂರಿನ ಮನೆಯಲ್ಲಿ ಉಳಿದವಳು ನಾನೊಬ್ಬಳೇ. ಬೆಳಿಗ್ಗೆ ಶಾಲೆಗೆ ಹೋಗಿ ಮಕ್ಕಳಿಗೆ ಗಣಿತ ಹೇಳಿಕೊಡುವುದು, ಸಂಜೆ ಬಂದು ಬಾಗಿಲು ಹಾಕಿಕೊಳ್ಳುವುದು, ಇಷ್ಟೇ ಆಗಿತ್ತು. ದಸರಾ ರಜೆ ಬಂತು. ಊರೂರಿನ ಜನವೆಲ್ಲ ಮೈಸೂರಿಗೆ ಬರುತ್ತಿದ್ದಾಗ ನಾನು ಬೆನ್ನಿಗೊಂದು ಚೀಲ ಹಾಕಿಕೊಂಡು ಮೈಸೂರು ಬಿಟ್ಟೆ. ಸಾದಾ ಬಸ್ಸು, ಬಸ್‌ಸ್ಟ್ಯಾಂಡಿನ ಹತ್ತಿರದ ಅಗ್ಗದ ಲಾಡ್ಜು, ಸಿಕ್ಕಿದ ಕಡೆ ಊಟ. ಇಂಥ ಊರಿಗೇ ಹೋಗಬೇಕೆಂದೇನೂ ಇರಲಿಲ್ಲ. ಮನೆಯಲ್ಲಿ ಇರಬಾರದು ಅಷ್ಟೇ.

ಬಾದಾಮಿಗೆ ಬಂದಾಗಿನಿಂದ ಮಳೆ. ಎರಡು ದಿನ ಒಂದೇ ಸಮನೆ ಸುರಿಯಿತು. ಗುಹೆಗಳ ಮೆಟ್ಟಿಲ ಮೇಲೆ ನಾನು ಮತ್ತು ತೊಯ್ದು ಮುದುಡಿದ ಕೋತಿಗಳು ಬಿಟ್ಟರೆ ಯಾರೂ ಇರಲಿಲ್ಲ. ಪಟ್ಟದಕಲ್ಲಿಗೂ ಹೋಗಿಬಂದೆ. ಏನು ನೋಡಿದೆ ಎಂದು ಕೇಳಿದರೆ ಇವತ್ತಿಗೂ ಹೇಳಲಾರೆ. ಲಾಡ್ಜಿನ ಕೋಣೆಯಲ್ಲಿ ಫ್ಯಾನಿನ ಕೆಳಗೆ ಹರವಿದರೂ ಒಣಗದ ಕಾಲುಚೀಲಗಳ ವಾಸನೆ ಮಾತ್ರ ನೆನಪಿದೆ.

ಮೂರನೆಯ ದಿನ ಬೆಳಿಗ್ಗೆ ಬಾಗಲಕೋಟೆಗೆ ಹೋಗೋಣವೆಂದು ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಪಕ್ಕದಲ್ಲಿದ್ದ ಹೆಂಗಸು ನನ್ನ ತೋಳು ಮುಟ್ಟಿದರು. ಐವತ್ತೈದರ ಮೇಲಿರಬಹುದು. ಇಳಕಲ್ ಸೀರೆ, ತಲೆಯ ಮೇಲೆ ಸೆರಗು, ಅದರ ಮೇಲೆ ಗೊಬ್ಬರದ ಚೀಲವನ್ನು ಕೊಪ್ಪೆಯಂತೆ ಮಡಿಸಿ ಹಾಕಿಕೊಂಡಿದ್ದರು.

"ತಂಗಿ, ಆ ಬಸ್ಸಿನ ಬೋರ್ಡಿನ್ಯಾಗ ಏನ್ ಬರದೈತಿ ನೋಡು. ಕನ್ನಡಕ ಮನ್ಯಾಗ ಬಿಟ್ಟ ಬಂದೀನಿ."

ಗುಳೇದಗುಡ್ಡದ ಮೇಲೆ ಬಾಗಲಕೋಟೆ ಎಂದೆ. ಇಬ್ಬರೂ ಹತ್ತಿದೆವು. ಮೆಟ್ಟಿಲು ಎಲ್ಲಿದೆ ಎಂದು ಅವರು ಕಾಲಿನಿಂದ ಎರಡು ಸಲ ತಡವಿದ್ದನ್ನು ನೋಡಿದೆ. ಕೈ ಹಿಡಿದು ಹತ್ತಿಸಿಕೊಂಡೆ. ಹಿಡಿದ ಕೈಯನ್ನು ಅವರು ಸೀಟಿನಲ್ಲಿ ಕೂತ ಮೇಲೂ ಬಿಡಲಿಲ್ಲ.

ಬನಶಂಕರಿಗೆ ಹೋಗಿಬರುತ್ತೇನೆಂದು ಮನೆಯಲ್ಲಿ ಹೇಳಿ ಹಿಂದಿನ ದಿನ ಹೊರಟಿದ್ದರಂತೆ. ದೇವಿಗೆ ಕೈಮುಗಿದದ್ದೂ ಆಯಿತು. ಈಗ ಬಾಗಲಕೋಟೆಯ ಕಣ್ಣಿನ ದವಾಖಾನೆಗೆ, ಅದೂ ಯಾರಿಗೂ ಗೊತ್ತಾಗದ ಹಾಗೆ. ಗುಳೇದಗುಡ್ಡ ದಾಟುವಷ್ಟರಲ್ಲಿ ಅವರು ನನಗೆ ಇದನ್ನೆಲ್ಲ ಹೇಳಿಬಿಟ್ಟಿದ್ದರು. ಕನ್ನಡಕ ಅವರಿಗೆ ಎಂದೂ ಇರಲೇ ಇಲ್ಲವೆಂಬುದನ್ನೂ ಹೇಳಿದರು.

"ಸುಳ್ಳ ಹೇಳಿದ್ನಿ ನಿನಗ. ಕುರುಡಿ ಅಂತ ಹೆಂಗ ಹೇಳ್ಲಿ?"

ಅವರ ಮನೆಯಲ್ಲಿ ಕೈಮಗ್ಗವಿತ್ತು. ಮಗ ಸೊಸೆ ನೇಯುತ್ತಿದ್ದರು. ಇವರದು ಕೊಂಡಿ ಹಾಕುವ ಕೆಲಸ. ಇಳಕಲ್ ಸೀರೆಯ ಒಡಲಿನ ಹಾಸು, ಎಂದರೆ ಉದ್ದದ ಎಳೆಗಳು, ಬೇರೆ, ಸೆರಗಿನ ಕೆಂಪು ರೇಷ್ಮೆಯ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಮಾಡಿ ಕೂಡಿಸಬೇಕು. ಮದುವೆಯಾಗಿ ಬಂದ ವರ್ಷದಿಂದ ಅವರು ಮಾಡಿದ್ದು ಅದನ್ನೇ. ಈಗೀಗ ಎಳೆ ತಪ್ಪುತ್ತಿದ್ದವು.

"ನಾ ಹಾಕಿದ ಕೊಂಡಿ ನಮ್ಮ ಸೊಸಿ ಬಿಚ್ಚಿ ಮತ್ತ ಹಾಕತಾಳ. ನಾ ನೀರಿಗೆ ಹೋದಾಗ. ಒಂದ ಮಾತ ಅಂದಿಲ್ಲ ನನಗ. ಬೈದಿದ್ರ ಚಲೋ ಇತ್ತು," ಎಂದರು.

ಆ ಮೇಲೆ ನನ್ನ ಕಡೆ ತಿರುಗಿ, ಇಂಥ ಮಳೆಯಲ್ಲಿ ಒಬ್ಬಳೇ ಯಾಕೆ ತಿರುಗುತ್ತಿದ್ದೀಯ ಎಂದು ಕೇಳಿದರು. ಅದುವರೆಗೆ ಯಾರಿಗೂ ಹೇಳದ್ದನ್ನು ನಾನು ಆ ಬಸ್ಸಿನಲ್ಲಿ ಹೇಳಿದೆ. ಅಮ್ಮನ ಕಾಯಿಲೆ ಕೈಮೀರಿದೆ ಎಂದು ಡಾಕ್ಟರು ನನಗೊಬ್ಬಳಿಗೇ ಹೇಳಿದ್ದರು. ಅಮ್ಮ ಕೇಳಿದಾಗ ನಾನು ಮುಚ್ಚಿಡದೆ ಎಲ್ಲವನ್ನೂ ಹೇಳಿಬಿಟ್ಟೆ. ಅಮ್ಮ ಆವತ್ತು ಗೋಡೆ ಕಡೆ ತಿರುಗಿ ಮಲಗಿದವಳು ಮತ್ತೆ ಈ ಕಡೆ ತಿರುಗಲಿಲ್ಲ. ಊಟ ಬಿಟ್ಟಳು, ಮಾತು ಬಿಟ್ಟಳು. ಇಪ್ಪತ್ತು ದಿನದಲ್ಲಿ ಹೋದಳು. ನಾನು ಹೇಳದೇ ಇದ್ದಿದ್ದರೆ...

ಅವರು ಸೆರಗಿನ ತುದಿಯಿಂದ ನನ್ನ ಮುಖ ಒರೆಸಿದರು. ಮುಖ ಎಲ್ಲಿದೆ ಎಂದು ಕೈಯಿಂದ ಹುಡುಕಿ ಒರೆಸಿದರು. "ನನ್ನ ಚಿಗವ್ವ ಅನ್ನು," ಎಂದರು.

ದವಾಖಾನೆಯಲ್ಲಿ ಹೆಸರು ಬರೆಯಿಸುವಾಗ ಜೊತೆಗೆ ಯಾರಿದ್ದಾರೆ ಎಂದು ಕೇಳಿದರು. "ನನ್ನ ಮಗಳು," ಎಂದರು ಚಿಗವ್ವ, ತಡವರಿಸದೆ. ನಾನು ತಿದ್ದಲಿಲ್ಲ. ಹಾಗೆ ಕರೆಸಿಕೊಂಡು ಮೂರು ತಿಂಗಳ ಮೇಲಾಗಿತ್ತು.

ಕಣ್ಣಿಗೆ ಹನಿ ಹಾಕಿ ಬೆಂಚಿನ ಮೇಲೆ ಕೂರಿಸಿದರು. ಗಂಟಲು ಕಹಿಯಾಯಿತೆಂದು ಅವರು ಮುಖ ಸಿಂಡರಿಸಿದ್ದು, ನಾನು ನಕ್ಕಿದ್ದು ಆಗಲೇ. ಆ ಮೇಲೆ ಯಾವ ಯಾವುದೋ ಯಂತ್ರದ ಮುಂದೆ ಕೂರಿಸಿ ನೋಡಿದರು. ಕೊನೆಗೆ ಡಾಕ್ಟರು ಅವರನ್ನು ಹೊರಗೆ ಕಳಿಸಿ ನನ್ನನ್ನು ಕೂರಿಸಿಕೊಂಡರು.

ಕಣ್ಣಿನೊಳಗೆ ಒತ್ತಡ ಏರಿ ನರ ಸಾಯುತ್ತಿದೆ ಎಂದರು. ಹೋದ ದೃಷ್ಟಿ ಬರುವುದಿಲ್ಲ. ಇರುವಷ್ಟನ್ನಾದರೂ ಉಳಿಸಿಕೊಳ್ಳಬೇಕಾದರೆ ಹನಿಯನ್ನು ಒಂದು ದಿನವೂ ತಪ್ಪಿಸಬಾರದು, ತಿಂಗಳೊಳಗೆ ಬಂದು ಆಪರೇಷನ್ ಮಾಡಿಸಿಕೊಳ್ಳಬೇಕು. ಬರಬೇಕಾದ ದಿನವನ್ನು ಚೀಟಿಯಲ್ಲಿ ಬರೆದುಕೊಟ್ಟರು. "ಮಗಳಾಗಿ ನೀವ ಸಮಾಧಾನದಿಂದ ತಿಳಿಸಿ ಹೇಳ್ರಿ. ಅವ್ರು ಭಾಳ ಅಂಜ್ಯಾರ," ಎಂದರು.

ಹೊರಗೆ ಬಂದೆ. ಚಿಗವ್ವ ಬೆಂಚಿನ ತುದಿಯಲ್ಲಿ ಕೂತು, ಬಾಗಿಲು ಸದ್ದಾದ ಕಡೆಗೆ ಮುಖ ಮಾಡಿದ್ದರು. ಎರಡೂ ಕೈ ಮಡಿಲಲ್ಲಿದ್ದವು. ನನ್ನ ಅಮ್ಮನೂ ಅವತ್ತು ಹೀಗೇ ಬಾಗಿಲ ಕಡೆ ನೋಡುತ್ತ ಕೂತಿದ್ದಳು.

"ಏನಂದ್ರು?"

"ಏನಿಲ್ಲ ಚಿಗವ್ವ. ಈ ಹನಿ ಹಾಕ್ಕೊಂಡ್ರೆ ಸರಿ ಹೋಗುತ್ತಂತೆ."

ಅವರ ಮುಖ ಅರಳಿದ್ದನ್ನು ನಾನು ಹೇಗೆ ಮರೆಯಲಿ. ಕೂಡಲೇ ಎದ್ದು ನಿಂತರು. ನಿಂತಲ್ಲೇ ಬಾದಾಮಿಯ ದಿಕ್ಕು ಯಾವುದೆಂದು ಕೇಳಿ, ಆ ಕಡೆ ಬನಶಂಕರಿಗೆ ಕೈಮುಗಿದರು. ಔಷಧಿಯ ಬಾಟಲಿಯನ್ನು ಎಲೆಅಡಿಕೆಯ ಸಂಚಿಯಲ್ಲಿ ಹುದುಗಿಸಿಕೊಂಡರು. "ಆ ಚೀಟಿ ನಿನ್ನ ಹಂತೇಕ ಇರ್ಲಿ. ನಮ್ಮ ಸೊಸಿಗೆ ಓದಾಕ ಬರ್ತೈತಿ, ಕಂಡ್ರ ಗೊತ್ತಾಗತೈತಿ," ಎಂದರು. ಚೀಟಿ ನನ್ನ ಚೀಲದ ಪಕ್ಕದ ಜೇಬಿಗೆ ಹೋಯಿತು.

ನನ್ನನ್ನು ಬಿಡಲಿಲ್ಲ. ಇಳಕಲ್ಲಿಗೆ ಬಂದು ಒಂದು ದಿನ ಇದ್ದು ಹೋಗಲೇಬೇಕು ಎಂದರು. ಮಳೆ ಮತ್ತೆ ಹಿಡಿದಿತ್ತು. ಬಸ್ಸಿನ ಕಿಟಕಿಯ ಗಾಜು ಏರುತ್ತಿರಲಿಲ್ಲ. ಕೊಪ್ಪೆಯ ಚೀಲವನ್ನು ಇಬ್ಬರ ಮಡಿಲಿಗೂ ಹಾಸಿ, ಗಂಟು ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟರು. ಅಮೀನಗಡ ದಾಟಿದೆವು. ಹೊಲಗಳಲ್ಲಿ ಎರೆಮಣ್ಣು ಕರ್ರಗೆ ನೀರು ಕುಡಿದು ಕೂತಿತ್ತು. ಹುನಗುಂದದಲ್ಲಿ ಬಸ್ಸು ಸ್ವಲ್ಪ ಹೊತ್ತು ನಿಂತಿತು. ಜನ ಇಳಿದು ಬಸ್ಸು ಖಾಲಿಯಾದಾಗ ಅವರು ಮತ್ತೊಮ್ಮೆ, ದನಿ ತಗ್ಗಿಸಿ ಕೇಳಿದರು.

"ಖರೆ ಹೇಳು ತಂಗಿ. ನಾ ಅಂಜೂದಿಲ್ಲ. ಡಾಕ್ಟರು ಅಷ್ಟ ಅಂದಾರೇನು?"

ಆಗ ಹೇಳಬಹುದಿತ್ತು. ಚೀಟಿ ನನ್ನ ಚೀಲದಲ್ಲೇ ಇತ್ತು. ಮಳೆಯ ಸದ್ದು ಬಿಟ್ಟರೆ ಬಸ್ಸಿನಲ್ಲಿ ಬೇರೆ ಸದ್ದಿರಲಿಲ್ಲ. "ಅಷ್ಟೇ ಚಿಗವ್ವ," ಎಂದೆ.

ಅವರ ಮನೆ ಓಣಿಯ ಒಳಗೆ. ಬಾಗಿಲು ದಾಟುತ್ತಲೇ ಕುಣಿಮಗ್ಗ. ಮಗ ಕುಣಿಯಲ್ಲಿ ಕಾಲು ಇಳಿಬಿಟ್ಟುಕೊಂಡು ನೇಯುತ್ತಿದ್ದ. ಬಾದಾಮಿಯಲ್ಲಿ ಸಿಕ್ಕ ಮೈಸೂರಿನ ಹುಡುಗಿ ಎಂದು ಚಿಗವ್ವ ನನ್ನ ಪರಿಚಯ ಹೇಳಿದರು. ದಾರಿಯಲ್ಲಿ ನಾನೇ ಒತ್ತಾಯ ಮಾಡಿ ಕಣ್ಣು ತೋರಿಸಿದೆನೆಂದೂ, ಹನಿ ಹಾಕಿಕೊಂಡರೆ ಸಾಕಂತೆಂದೂ ಹೇಳಿದರು. ಹನಿಯಲ್ಲೇ ವಾಸಿಯಾಗುವ ಕಣ್ಣಿಗೆ ಗುಟ್ಟು ಯಾಕೆ ಎಂದು ದಾರಿಯಲ್ಲಿ ಅವರ ಮನಸ್ಸು ಬದಲಾಗಿತ್ತು. ಸೊಸೆ ನನಗೆ ಒಣ ಸೀರೆ ತಂದುಕೊಟ್ಟಳು. ಆ ಸಂಜೆ ಆ ಮನೆಯಲ್ಲಿ ಹಬ್ಬದಂತಿತ್ತು. ಗೋಧಿ ಹುಗ್ಗಿ ಮಾಡಿದ್ದರು. ನಾನು ಎರಡು ತುತ್ತು ತಿಂದು ತಟ್ಟೆ ಸರಿಸಿದೆ.

ಮರುದಿನ ಬೆಳಿಗ್ಗೆ ಸೊಸೆ ನನ್ನನ್ನು ಬಸ್‌ಸ್ಟ್ಯಾಂಡಿನವರೆಗೆ ಕಳಿಸಲು ಬಂದಳು. ಇವಳಿಗಾದರೂ ಹೇಳಬೇಕು ಎಂದುಕೊಂಡೇ ಹೆಜ್ಜೆ ಹಾಕುತ್ತಿದ್ದೆ. ಚೀಲದ ಜೇಬಿಗೆ ಕೈಯನ್ನೂ ಹಾಕಿದ್ದೆ. ಅಷ್ಟರಲ್ಲಿ ಅವಳೇ ಮಾತಾಡಿದಳು. "ಅಕ್ಕಾರ, ಅತ್ತಿ ಇವತ್ತ ನಸಿಕಿನ್ಯಾಗ ಹಾಡಕೋತ ಕುಂತಿದ್ರು. ಅವ್ರು ಹಾಡಿದ್ದ ಕೇಳಿ ವರ್ಷಾಗಿತ್ರಿ." ನಾನು ಕೈಯನ್ನು ಹಾಗೆಯೇ ಹೊರಗೆ ತೆಗೆದೆ. ಹನಿ ಮಾತ್ರ ತಪ್ಪಿಸಬೇಡಿ ಎಂದಷ್ಟೇ ಹೇಳಿ ಬಸ್ಸು ಹತ್ತಿದೆ.

ಮೈಸೂರಿಗೆ ಬಂದ ಮೇಲೆ ಸೊಸೆಯ ಫೋನಿಗೆ ಎರಡು ಸಲ ಮಾಡಿದೆ. ಅತ್ತಿ ಆರಾಮ ಅದಾರ್ರಿ ಎಂದಳು. ಚೀಟಿಯಲ್ಲಿ ಬರೆದ ದಿನ ಬಂತು, ಹೋಯಿತು. ಆವತ್ತು ಫೋನನ್ನು ಕೈಯಲ್ಲಿ ಹಿಡಿದು ಕೂತಿದ್ದೆ... ಮಾಡಲಿಲ್ಲ. ಒಂದು ಸಲ ಹೇಳಿದ ಸುಳ್ಳನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆಂದು ತಿಳಿಯಲಿಲ್ಲ. ಆರಾಮ ಇದ್ದಾರಂತಲ್ಲ, ಡಾಕ್ಟರು ಹೆದರಿಸಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಆಮೇಲೆ ಪರೀಕ್ಷೆ, ಬೇಸಿಗೆ, ಹೊಸ ವರ್ಷದ ಪಾಠ. ಫೋನೂ ನಿಂತಿತು.

ಮರುವರ್ಷದ ದಸರಾ ರಜೆಗೆ ಮತ್ತೆ ಹೋದೆ. ಆಗಲೂ ಮಳೆ. ಇಳಕಲ್ಲಿನಲ್ಲಿ ಇಳಿದು ನೇರ ಅವರ ಮನೆಗೆ ನಡೆದೆ.

ಚಿಗವ್ವ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ನಾನು ಬಾಗಿಲಲ್ಲಿ ನಿಂತು ಚಿಗವ್ವ ಎಂದೆ. ಅವರು ನಾನಿದ್ದ ಜಾಗವನ್ನು ಬಿಟ್ಟು ಸ್ವಲ್ಪ ಪಕ್ಕಕ್ಕೆ ನೋಡಿ ನಕ್ಕರು.

"ಮೈಸೂರ ತಂಗಿ ಅಲ್ಲೇನು? ಬಾ, ಇಲ್ಲೆ ಕುಂದ್ರ ಬಾ."

ಅಡುಗೆಮನೆಯಲ್ಲಿ ಸೊಸೆ ಹೇಳಿದಳು. ಬಾಟಲಿ ಮುಗಿದ ಮೇಲೆ ಇನ್ನೊಂದು ತರಿಸಲು ಹೋದರೆ, ಡಾಕ್ಟರು ಹೇಳಿದ್ದು ಆ ಒಂದು ಬಾಟಲಿಯಷ್ಟೇ ಎಂದು ಚಿಗವ್ವ ಬೇಡವೆಂದರಂತೆ. ಯುಗಾದಿಯ ಹೊತ್ತಿಗೆ ಪೂರ್ತಿ ಕತ್ತಲಾಯಿತು. "ಬಾಗಲಕೋಟಿಗೆ ಕರ್ಕೊಂಡ ಓಡಿದಿವ್ರಿ. ತಡಾ ಮಾಡೀರಿ ಅಂದ್ರು. ಮದ್ಲ ಬಂದಿದ್ರ ಒಂಚೂರ ಉಳೀತಿತ್ತಂತ್ರಿ," ಎಂದು ಅವಳು ರೊಟ್ಟಿ ಬಡಿಯುತ್ತಲೇ ಅತ್ತಳು.

ನಾನು ಹೊರಗೆ ಬಂದು ಚಿಗವ್ವನ ಪಕ್ಕದಲ್ಲಿ ಕೂತೆ. ಒಳಗೆ ಮಗ್ಗದ ಸದ್ದಿತ್ತು. ನನ್ನ ಮಾತು ಅವರೊಬ್ಬರಿಗೇ ಕೇಳುವಷ್ಟಿತ್ತು. ಎಲ್ಲವನ್ನೂ ಹೇಳಿದೆ. ನರ ಸಾಯುತ್ತಿದೆ ಎಂದದ್ದು, ತಿಂಗಳೊಳಗೆ ಎಂದದ್ದು, ಚೀಟಿ ನನ್ನಲ್ಲೇ ಉಳಿದದ್ದು. ಅವರು ಮಡಿಲಲ್ಲಿ ಒಂದು ಎಳೆಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದರು. ಅದು ನಿಂತಿತು.

"ಹುನಗುಂದದಾಗ ನಾ ಏನ್ ಕೇಳಿದ್ನಿ ನಿನಗ?"

"ಖರೆ ಹೇಳು ಅಂತ."

"ಕೇಳಿದ್ನಿ ಹೌದಲ್ಲೊ?"

"ಹೌದು, ಚಿಗವ್ವ."

ನಾನು ಅಳುತ್ತಿದ್ದೆ. ಈ ಸಲ ಅವರ ಕೈ ನನ್ನ ಮುಖವನ್ನು ಹುಡುಕಿಕೊಂಡು ಬರಲಿಲ್ಲ.

"ನಿಮ್ಮವ್ವ ಖರೆ ಕೇಳಿ ಸತ್ತಿಲ್ಲ ತಂಗಿ. ರೋಗ ಬಂದ ಸತ್ಲು. ಇಷ್ಟ ತಿಳೀಲಿಲ್ಲೇನ ನಿನಗ?"

ಆಮೇಲೆ ಗೋಡೆ ಹಿಡಿದುಕೊಂಡು ಎದ್ದು, ಹೆಜ್ಜೆ ಎಣಿಸುತ್ತ ಒಳಕೋಣೆಗೆ ಹೋದರು. ಹೋಗುವಾಗ, "ಊಟ ಮಾಡಿ ಹೋಗು," ಎಂದರು. ನಾನು ಹೊರಡುವವರೆಗೂ ಹೊರಗೆ ಬರಲಿಲ್ಲ. ಅತ್ತೆಗೆ ತಲೆ ನೋಯುತ್ತಿರಬೇಕು ಎಂದಳು ಸೊಸೆ.

ಆ ಮೇಲೆ ತಪ್ಪದೆ ಫೋನ್ ಮಾಡುತ್ತಿದ್ದೆ. ಒಮ್ಮೆ ಮಲಗಿದ್ದಾರೆ, ಒಮ್ಮೆ ಸ್ನಾನಕ್ಕೆ ಹೋಗಿದ್ದಾರೆ, ಒಮ್ಮೆ ಪೂಜೆ. ಒಂದು ಸಲವೂ ಅವರ ದನಿ ಸಿಗಲಿಲ್ಲ. ಎರಡು ವರ್ಷ ಹೀಗೇ ನಡೆಯಿತು. ಕಳೆದ ಶ್ರಾವಣದಲ್ಲಿ ಸೊಸೆಯೇ ಫೋನ್ ಮಾಡಿದಳು. ಮೂರು ದಿನದ ಜ್ವರ. ಮಣ್ಣು ಮಾಡಿ ಆಗಿತ್ತು.

ಹೇಳಿ ಮುಗಿಸಿ ಅವಳು ಫೋನ್ ಇಡಲಿಲ್ಲ. "ಅಕ್ಕಾರ, ಅತ್ತಿ ನಿಮ್ಮನ್ನ ಭಾಳ ನೆನಸತಿದ್ರು. ಮೈಸೂರ ತಂಗಿ ನನ್ನ ದವಾಖಾನಿಗೆ ಕರ್ಕೊಂಡ ಹೋದ್ಲು, ಡಾಕ್ಟರ್ ಹೇಳಿದ್ದೆಲ್ಲಾ ಬಿಡಿಸಿ ಹೇಳಿದ್ಲು, ನಾನ ಕಿವಿಗೆ ಹಾಕ್ಕೊಳ್ಳಿಲ್ಲ ಅಂತಿದ್ರು. ಆಕಿನ್ನ ಯಾರೂ ಏನೂ ಅನಬ್ಯಾಡ್ರಿ ಅಂತ ಹೇಳ್ಯಾರ."

ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಅವಳು ಹಲೋ, ಹಲೋ ಎಂದು ಎರಡು ಸಲ ಕರೆದು ಲೈನ್ ಹೋಯಿತೆಂದುಕೊಂಡು ಫೋನ್ ಇಟ್ಟಳು.

ಅವರು ನನ್ನನ್ನು ಕ್ಷಮಿಸಿದ್ದರೇ ಎಂದು ಯಾರಲ್ಲಿ ಕೇಳಲಿ. ನನ್ನ ಜೊತೆ ಮಾತು ಬಿಟ್ಟವರು ನನಗಾಗಿ ತಮ್ಮ ಮನೆಯವರ ಮುಂದೆ ಸುಳ್ಳು ಹೇಳಿಹೋದರು. ಇಳಕಲ್ಲಿನ ಆ ಮನೆಯಲ್ಲಿ ಇವತ್ತಿಗೂ ನಾನು ಒಳ್ಳೆಯವಳು. ನಾನು ಏನು ಮಾಡಿದೆನೆಂದು ತಿಳಿದಿದ್ದವರು ಅಲ್ಲಿ ಅವರೊಬ್ಬರೇ... ಅವರು ಈಗ ಇಲ್ಲ.