ಆಚೆಗೆ ಮಡಿಸಿದ ಎಲೆ

ತೀರಿಕೊಂಡ ಅಣ್ಣನ ಕರ್ಮ ಮುಗಿಸಲು ಟೊರೊಂಟೊಗೆ ಹೋದವನು, ಎಲ್ಲ ಮುಗಿದ ಮರುದಿನ ಅಲ್ಲೇ ಹತ್ತಿರದ ಜಾರ್ಜ್‌ಟೌನ್‌ನಲ್ಲಿ ಉಡುಪಿ ಕಡೆಯ ಶೆಫ್ ಒಬ್ಬಾಕೆಯ ಮನೆಯಲ್ಲಿ ಊಟಕ್ಕೆ ಕುಳಿತೆ. ನಾಲ್ವರಿಗಿಂತ ಕಡಿಮೆ ಇದ್ದರೆ ಬಡಿಸುವುದಿಲ್ಲ ಎಂದವಳನ್ನು ಫೋನಿನಲ್ಲೇ ಚೌಕಾಸಿ ಮಾಡಿ ನನ್ನೊಬ್ಬನಿಗೇ ಬಡಿಸಲು ಒಪ್ಪಿಸಿದ್ದೆ. ಹೋಟೆಲಿನ ಕೆಲಸ ಬಿಟ್ಟು ಈ ಮನೆಯೂಟವನ್ನೇ ನಂಬಬಹುದೇ ಎಂದು ಆಕೆಗೆ ಉಂಡವರಿಂದ ತಿಳಿಯಬೇಕಿತ್ತು. ಪತ್ರೊಡೆ, ಗಸಿ, ಪಾಯಸ ಎಲ್ಲವನ್ನೂ ತಿಂದೆ. ಯಾವುದರ ರುಚಿಯೂ ತಿಳಿಯಲಿಲ್ಲ. ಕೊನೆಗೆ ಬಾಳೆಲೆಯನ್ನು ಆಚೆ ಕಡೆಗೆ ಮಡಿಸಿದೆ.

"ಇದೆಂತ ಮಾರಾಯ್ರೆ! ಹಾಗೆ ಮಡಿಚುವುದು ಸಾವಿನ ಊಟದಲ್ಲಿ ಅಲ್ವಾ? ನನ್ನ ಅಡಿಗೆ ಅಷ್ಟು ಹಾಳಾ?"

"ನಿನ್ನೆವರೆಗೂ ಅದೇ ಊಟ ಕಣಮ್ಮ, ಕೈ ಹಾಗೇ ಹೋಯ್ತು," ಎಂದೆ. ಆಕೆ ನನ್ನ ಅಭಿಪ್ರಾಯಕ್ಕೆ ಕಾದು ಇನ್ನೂ ನಿಂತೇ ಇದ್ದಳು.

"ಜಾಬು ಈಗ್ಲೇ ಬಿಡ್ಬೇಡಿ. ನನ್ನ ಮಾತು ಲೆಕ್ಕಕ್ಕಿಲ್ಲ. ನಾಲಿಗೆ ನೆಟ್ಟಗಿರೋರಿಗೆ ಬಡಿಸಿ ಕೇಳಿ."