ಢೋಲು ಮುಳುಗಿಸಲು ಹಾಕಿದ ಆಲ್ಬಮ್

ದೆಹಲಿಯ ಓಲ್ಡ್ ರಾಜಿಂದರ್ ನಗರದ ನನ್ನ ಕೋಣೆಗೆ ಇದ್ದದ್ದು ಮೂರೇ ಗೋಡೆ, ನಾಲ್ಕನೆಯದು ಪ್ಲೈವುಡ್. ಮನೆ ಮಾಲೀಕ ಒಂದು ಕೋಣೆಯನ್ನು ಎರಡು ಮಾಡಿ ಎರಡಕ್ಕೂ ಪೂರ್ತಿ ಬಾಡಿಗೆ ವಸೂಲಿ ಮಾಡುವ ಪುಣ್ಯಾತ್ಮ. ಪ್ಲೈವುಡ್ಡಿನ ಆಚೆ ಶಿಲ್ಲಾಂಗಿನವನೊಬ್ಬ ಇದ್ದ. ನನ್ನ ಹಾಗೆಯೇ ಸಿವಿಲ್ ಸರ್ವೀಸಸ್ ಪರೀಕ್ಷೆಗೆ ಓದಲು ಬಂದವನು, ಎರಡನೇ ವರ್ಷಕ್ಕೇ ಸಾಕಾಗಿ ಊರಿಗೆ ಹೊರಟ. ಪುಸ್ತಕಗಳನ್ನೆಲ್ಲ ರದ್ದಿಗೆ ಹಾಕಿ, ನನ್ನ ಕೈಗೆ ಒಂದು ಸಿ.ಡಿ. ಕೊಟ್ಟ. ಏನೂ ಉಳಿಯದ ದಿನ ಕೇಳು ಅಂತ ಹಿಂದಿಯಲ್ಲಿ ಹೇಳಿದ.

ಅಷ್ಟು ಕಾಯುವ ತಾಳ್ಮೆ ನನಗೆಲ್ಲಿ? ಅಂದೇ ಕಂಪ್ಯೂಟರಿಗೆ ಹಾಕಿದೆ. ಹೋಟೆಲಿನ ಗ್ರೈಂಡರಿಗೆ ಕಲ್ಲು ಬಿದ್ದಂಥ ಗಿಟಾರು. ಉಸಿರಾಡಲು ಬಿಡದ ಡ್ರಮ್ಮು. ಹಾಡುವವನಂತೂ ಹಾಡುವುದೇ ಇಲ್ಲ, ಗಂಟಲು ಕಿತ್ತು ಹೋಗುವ ಹಾಗೆ ಅರಚುತ್ತಾನೆ. ಒಂದೊಂದು ಹಾಡು ನಿಮಿಷವೂ ಬಾಳುವುದಿಲ್ಲ. ನೀರು ಕಾಯಲು ಇಟ್ಟು ಬಂದು ಕೂತರೆ ಚಹಾ ಕುಡಿದು ಮುಗಿಯುವಷ್ಟರಲ್ಲಿ ಇಡೀ ಆಲ್ಬಮ್ ಮುಗಿದಿತ್ತು. ಇದಕ್ಕೆ ಸಂಗೀತ ಅನ್ನುವವರಿಗೆ ತಲೆ ಕೆಟ್ಟಿದೆ ಅಂದುಕೊಂಡು ಸಿ.ಡಿ.ಯನ್ನು ಹಾಸಿಗೆಯಡಿ ತಳ್ಳಿದೆ.

ಅಂತಿಮ ಪಟ್ಟಿಯಲ್ಲಿ ಹೆಸರು ಬಂದವರ ಮನೆ ಮುಂದೆ ಢೋಲು ಬಾರಿಸುವುದು ನಮ್ಮ ಗಲ್ಲಿಯ ಪದ್ಧತಿ. ಢೋಲಿನವರನ್ನು ಯಾರೂ ಕರೆಯಬೇಕಿಲ್ಲ. ಯಾವ ಮನೆ, ಎಷ್ಟನೇ ಮಹಡಿ ಎಂದು ಚಹಾದಂಗಡಿಯ ಭಯ್ಯಾನನ್ನು ವಿಚಾರಿಸಿಕೊಂಡು ತಾವೇ ಬರುತ್ತಾರೆ. ಹಿಂದಿನ ವರ್ಷ ಕೆಳಗಿನ ಮಹಡಿಯವನಿಗೆ ಬಾರಿಸಿದಾಗ, ನಾನು ಫೋನನ್ನು ಕಿಟಕಿಯಾಚೆ ಹಿಡಿದು ದಾವಣಗೆರೆಯಲ್ಲಿದ್ದ ಅಪ್ಪನಿಗೆ ಕೇಳಿಸಿದ್ದೆ. ಅಪ್ಪ ಹೈಸ್ಕೂಲಿನ ಡ್ರಿಲ್ ಮೇಷ್ಟ್ರು, ಮಕ್ಕಳಿಗೆ ಬ್ಯಾಂಡ್ ಕಲಿಸಿದವರು.

"ಜೋರಾಗಿ ಬಾರಿಸ್ತಾರೆ ಕಣೋ. ಮುಂದಿನ ವರ್ಷ ನಿನಗೆ ಬಾರಿಸುವಾಗ್ಲೂ ಹಿಂಗೇ ಹಿಡಿ, ನಿಮ್ಮಮ್ಮನೂ ಕೇಳ್ಲಿ" ಅಂದಿದ್ದರು.

ಆ ಮುಂದಿನ ವರ್ಷ ಬಂತು. ನನಗಿದ್ದ ಕೊನೆಯ ಅವಕಾಶ ಅದು. ಸಂದರ್ಶನದವರೆಗೂ ಹೋಗಿದ್ದೆ, ಅಪ್ಪ ಸ್ಟಾಫ್ ರೂಮಿನಲ್ಲಿ ಆಗಲೇ ಹೇಳಿಕೊಂಡಿದ್ದರು. ಮೇ ತಿಂಗಳ ಮಧ್ಯಾಹ್ನ ಸೈಬರ್ ಕೆಫೆಯ ನೂಕುನುಗ್ಗಲಿನಲ್ಲಿ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ, ಮತ್ತೆ ಕೆಳಗಿನಿಂದ ಮೇಲಕ್ಕೆ ನೋಡಿದೆ. ನನ್ನ ಹೆಸರಿರಲಿಲ್ಲ. ಹಿಂದೆ ನಿಂತವನು "ಹೋ ಗಯಾ ಕ್ಯಾ? ಚಲೋ, ಹಟೋ" ಅಂತ ಜಾಗ ಬಿಡಲು ಹೇಳಿದ. ಎದ್ದು ಬಂದೆ.

ಕೋಣೆ ಸೇರುವಷ್ಟರಲ್ಲಿ ಎದುರು ಮನೆಯ ಹುಡುಗಿಗೆ ಢೋಲು ಶುರುವಾಗಿತ್ತು. ಕಿಟಕಿ ಮುಚ್ಚಿದೆ, ತಲೆದಿಂಬು ಕಿವಿಗೆ ಒತ್ತಿದೆ. ಎದೆಯೊಳಗೇ ಬಾರಿಸುತ್ತಿದ್ದರು. ಕಿರುಚಬೇಕು ಅನ್ನಿಸಿತು, ಆದರೆ ಪ್ಲೈವುಡ್ಡಿನಾಚೆಗೆ ಬಂದಿದ್ದ ಹೊಸಬನ ಎದುರು ಅಳುವ ಧೈರ್ಯವೂ ನನಗಿರಲಿಲ್ಲ. ಹಾಸಿಗೆಯಡಿಯಿಂದ ಆ ಸಿ.ಡಿ. ತೆಗೆದು ಕಂಪ್ಯೂಟರಿಗೆ ಹಾಕಿ, ಸ್ಪೀಕರಿನ ಸದ್ದನ್ನು ಪೂರ್ತಿ ಏರಿಸಿದೆ.

ಢೋಲು ಮುಳುಗಿತು. ನನ್ನ ಬದಲಿಗೆ ಯಾರೋ ಅರಚುತ್ತಿದ್ದ, ಅದಕ್ಕೆ ಅವನ ಕಾಲು ಹಿಡಿಯಬಹುದಿತ್ತು. ಇದು ಮುಗಿದ ಕೂಡಲೇ ಅಪ್ಪನಿಗೆ ಫೋನ್ ಮಾಡುತ್ತೇನೆ ಎಂದು ನಿರ್ಧರಿಸಿದೆ. ಹಾಳಾದ್ದು, ಮುಗಿದೇ ಹೋಯಿತು. ಇಷ್ಟು ಚಿಕ್ಕದಾಗಿ ಯಾಕೆ ಮಾಡಿ ಸಾಯುತ್ತಾರೋ! ಮತ್ತೆ ಹಾಕಿದೆ. ಈ ಸಲ ಖಂಡಿತ ಅಂದುಕೊಂಡೆ. ಮತ್ತೆ ಮುಗಿಯಿತು, ಮತ್ತೆ ಹಾಕಿದೆ. ಢೋಲಿನವರು ಯಾವಾಗ ಹೋದರೋ ಗೊತ್ತಿಲ್ಲ.

ಫೋನು ನಡುಗುತ್ತಿತ್ತು. ಅಪ್ಪ. ಎರಡು ಸಲ ಸುಮ್ಮನಿದ್ದೆ. ಮತ್ತೆ ಬಂದಾಗ, ಕೊನೆಯ ಹಾಡಿನ ನಡುವೆ, ಎತ್ತಿದೆ. ಅವರನ್ನು ಇನ್ನೂ ಕಾಯಿಸುವುದು ನನ್ನಿಂದಾಗಲಿಲ್ಲ.

"ಅಪ್ಪಾ..." ಅಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

"ಕೇಳಿಸ್ತು! ಕೇಳಿಸ್ತು ಕಣೋ!" ಅಪ್ಪ ಕೂಗುತ್ತಿದ್ದರು. "ಲೇ, ಬಾರೇ ಇಲ್ಲಿ, ಢೋಲು ಕೇಳು! ಜನ ಹೆಂಗೆ ಕೂಗ್ತಿದಾರೆ ನೋಡು! ಫೋನು ಹೊರಗೆ ಹಿಡಿದಿದಾನೆ!"

ಅಮ್ಮ ಏನೋ ಅಂದದ್ದು, ಆಮೇಲೆ ಬಾಗಿಲು ತೆರೆದ ಸದ್ದು ಅರೆಬರೆ ಕೇಳಿಸಿತು. ನಾನು ಸ್ಪೀಕರಿನ ಕಡೆ ಕೈಚಾಚಿದೆ. ಕೈ ಮುಟ್ಟುವ ಮೊದಲೇ ಆಲ್ಬಮ್ ತಾನಾಗಿ ನಿಂತಿತು. ಕೂಲರಿನ ಸದ್ದು ಮಾತ್ರ ಉಳಿಯಿತು.

"ಯಾಕೋ, ನಿಲ್ಲಿಸಿಬಿಟ್ರಾ?"

"ಅದು ಢೋಲಲ್ಲ ಅಪ್ಪ. ನಾನು ಹಾಕಿದ ಹಾಡು. ನನ್ನ ಹೆಸರು ಬಂದಿಲ್ಲ."

ಅಪ್ಪ ಅಮ್ಮನನ್ನು ಎರಡು ಸಲ ಕೂಗಿದರು.

"ನಿಮ್ಮಮ್ಮ ಆಗಲೇ ಪಕ್ಕದ ಮನೆಗೆ ಹೇಳೋಕೆ ಹೋದ್ಲಲ್ಲೋ" ಅಂದರು.