ಆಯಿಯ ಬಲಗಣ್ಣು

ಎಂ.ಎಸ್.ಡಬ್ಲ್ಯೂ. ಓದುವಾಗ ತರಬೇತಿಗೆಂದು ನನ್ನನ್ನು ತೆಲಂಗಾಣದ ಜಹೀರಾಬಾದಿನ ಹಿರಿಯರ ಹಗಲು ಕೇಂದ್ರವೊಂದಕ್ಕೆ ಕಳಿಸಿದರು. ತರಗತಿಯಲ್ಲಿ ಕನ್ನಡ ಬರುತ್ತಿದ್ದದ್ದು ನನಗೊಬ್ಬಳಿಗೇ. ಆ ಕೇಂದ್ರಕ್ಕೆ ಬರುವವರಲ್ಲಿ ಬಹಳಷ್ಟು ಜನ ಕನ್ನಡದ ಮನೆಯವರು. ಬೆಳಿಗ್ಗೆ ಬಂದು ಚಹಾ ಕುಡಿದು, ಬಿ.ಪಿ. ನೋಡಿಸಿಕೊಂಡು, ಊಟ ಮುಗಿಸಿ ಸಂಜೆ ಮನೆಗೆ ಹೋಗುತ್ತಿದ್ದರು.

ನ್ಯಾಲ್ಕಲ್ ಕಡೆಯಿಂದ ಆಟೋದಲ್ಲಿ ಬರುತ್ತಿದ್ದ ಆಯಿಯೊಬ್ಬರು ಕಿಟಕಿ ಪಕ್ಕದ ಜಾಗವನ್ನು ಯಾರಿಗೂ ಬಿಡುತ್ತಿರಲಿಲ್ಲ. ಹಳೆಯ ಸೀರೆ ಸೇರಿಸಿ ಕೌದಿ ಹೊಲಿಯುವುದು ಅವರ ಖುಷಿ. ಎರಡೂ ಕಣ್ಣಿಗೆ ಪೊರೆ ಬಂದಿದ್ದರಿಂದ ಬೆರಳಿನ ಅಂದಾಜಿನಲ್ಲೇ ಹೊಲಿಯುತ್ತಿದ್ದರು. ಸೂಜಿಗೆ ದಾರ ಪೋಣಿಸಲು ಮಾತ್ರ ನನ್ನನ್ನು ಕರೆಯುತ್ತಿದ್ದರು. ಬಲಗಣ್ಣಿಗೆ ಬೇಗ ಆಪರೇಷನ್ ಆಗದಿದ್ದರೆ ಇರುವ ನೋಟವೂ ಹೋದೀತು ಎಂದು ಡಾಕ್ಟರು ಹೇಳಿದ್ದರು. ಆಯಿ ಒಲ್ಲೆ ಎನ್ನುತ್ತಿದ್ದರು. ಒಪ್ಪಿಸುವ ಕೆಲಸ ನನ್ನ ಪಾಲಿಗೆ ಬಂತು.

ಕಲಿಸಿದ ಕ್ರಮದಲ್ಲೇ ಕೇಳಿದೆ. ನೋವಿನ ಭಯವೇ? ಅಲ್ಲ. ಮನೆಯವರಿಗೆ ಇಷ್ಟವಿಲ್ಲವೇ? ಸೊಸೆ ದಿನಾ ಒತ್ತಾಯಿಸುತ್ತಿದ್ದಳು. ಆಯಿ ತಿರುಗಿ ನನ್ನನ್ನೇ ಕೇಳುತ್ತಿದ್ದರು: ಯಾವ ಊರು, ಯಾರ ಪೈಕಿ, ಮದುವೆ ಯಾವಾಗ. ನಾನು ನಕ್ಕು ಮಾತು ತಿರುಗಿಸುತ್ತಿದ್ದೆ. ಸ್ವಂತದ ವಿಷಯ ಹೇಳಿಕೊಳ್ಳಬಾರದು ಎಂದು ನಮಗೆ ಕಲಿಸಿದ್ದರು. ಕಲಿಸದಿದ್ದರೂ ನಾನು ಹೇಳುವವಳಲ್ಲ.

ಒಂದು ದಿನ ಸೂಜಿ ಕೊಡುತ್ತಾ ಅವರು ಅಂದರು: “ನಿನ್ನ ಮನಿ ಮಾತು ಒಂದೂ ಹೇಳಂಗಿಲ್ಲ. ನನ್ನ ಮನಿದು ಎಲ್ಲಾ ಬೇಕು ನಿನಗ. ಪೊಲೀಸಾಕಿ ಏನು ನೀ?”

ಸುತ್ತಲಿದ್ದವರೆಲ್ಲ ನಕ್ಕರು. ನಾನು ಪಕ್ಕದಲ್ಲಿ ಕೂತು ಹೇಳಿದೆ. ಊರು ತಾಂಡೂರಿನ ಹತ್ತಿರದ ಕರಣಕೋಟ, ನಮ್ಮದು ಬೌದ್ಧರ ಮನೆ. ನಮ್ಮಜ್ಜಿ ಕಣ್ಣಿನ ಆಪರೇಷನ್ನಿಗೆ ಹೋದಾಗ ಮೂಗುತಿ ತೆಗೆಯುವುದಿಲ್ಲ ಎಂದು ನರ್ಸಿನ ಜೊತೆ ಜಗಳಕ್ಕೆ ನಿಂತಿದ್ದಳು, ವಾರ್ಡಿನವರೆಲ್ಲ ಎದ್ದು ನೋಡಲು ಬಂದಿದ್ದರು.

ಆಯಿ ನಗಲಿಲ್ಲ. ಸೂಜಿಯನ್ನು ಕೌದಿಗೆ ಚುಚ್ಚಿ, ಕೊರಳಲ್ಲಿದ್ದ ಶಿವದಾರವನ್ನು ಹೊರಗೆಳೆದರು. ತುದಿಯಲ್ಲಿ ಬಿಳಿ ಬಟ್ಟೆಯೊಳಗೆ ಇಷ್ಟಲಿಂಗ.

“ಮೂಗುತಿ ತೆಗದ್ರ ಮತ್ತ ಹಾಕ್ಕೋಬಹುದು. ಇದು ಜೀವ ಇರೋತನ ಮೈಮ್ಯಾಲಿಂದ ಇಳಿಯಂಗಿಲ್ಲ. ಕೊರಳಾಗ ಏನೂ ಇರಬಾರದು ಅಂದಾರ ದವಾಖಾನ್ಯಾಗ.”

ಮರುದಿನ ಆಸ್ಪತ್ರೆಗೆ ಹೋಗಿ ನರ್ಸನ್ನು ಕೇಳಿದೆ. ಕೊರಳು ಖಾಲಿ ಇದ್ದರೆ ಸಾಕು, ತೋಳಿಗೆ ಕಟ್ಟಿಕೊಂಡರೆ ಅಡ್ಡಿಯಿಲ್ಲ, ಹೇಗೂ ಮೇಲೆ ಹೊದಿಸುತ್ತೇವೆ ಎಂದಳು. ಅದನ್ನೇ ಆಯಿಗೆ ಹೇಳಿದೆ. ತೋಳಿಗೆ ಕಟ್ಟುವ ರೂಢಿ ತಮ್ಮಲ್ಲಿ ಇದ್ದೇ ಇದೆ, ತಮ್ಮ ತಂದೆ ಹೊಲಕ್ಕೆ ಹೋಗುವಾಗ ಹಾಗೇ ಕಟ್ಟಿಕೊಳ್ಳುತ್ತಿದ್ದರು ಎಂದವರೇ ಯಾವತ್ತು ಹೋಗೋಣ ಎಂದು ಕೇಳಿದರು.

ಆಪರೇಷನ್ನಿನ ದಿನ ಸೊಸೆ ಔಷಧಿ ತರಲು ಹೋಗಿದ್ದಾಗಲೇ ಒಳಗಿನಿಂದ ಕರೆ ಬಂತು. ಆಯಿ ಲಿಂಗವನ್ನು ಬಟ್ಟೆಯ ಸಮೇತ ತೋಳಿಗೆ ಒತ್ತಿಹಿಡಿದು, ಕಟ್ಟು ಎಂಬಂತೆ ಆ ತೋಳನ್ನು ನನ್ನ ಕಡೆ ಚಾಚಿದರು. ನನ್ನ ಕೈ ಮುಂದೆ ಹೋಗಲಿಲ್ಲ.

“ನಾ ಕಟ್ಟಬಹುದೇನ್ರಿ, ಆಯಿ?”

“ಗಂಟು ಹಾಕಾಕ ಬರ್ತದಿಲ್ಲ ನಿನಗ? ಮತ್ತ ಕಟ್ಟು.”

ಕಟ್ಟಿದೆ. ಎಷ್ಟು ಬಿಗಿಯಾಗಿ ಕಟ್ಟಿದ್ದೆನೆಂದರೆ, ಸಂಜೆ ಅದನ್ನು ಬಿಚ್ಚಲು ಸೊಸೆ ಹಲ್ಲು ಹಚ್ಚಬೇಕಾಯಿತು. ಆಯಿ ಅದನ್ನು ಬಂದವರಿಗೆಲ್ಲ ಹೇಳಿ ನಗಿಸಿದರು.

ಕೆಲವು ವಾರಗಳ ಮೇಲೆ ಅವರು ಕೇಂದ್ರಕ್ಕೆ ಮರಳಿದರು. ಮೊದಲು ನನ್ನ ಮುಖ ಹಿಡಿದು ಬೆಳಕಿಗೆ ತಿರುಗಿಸಿ, ದನಿ ಕೇಳಿ ದೊಡ್ಡವಳು ಅಂದುಕೊಂಡಿದ್ದೆ, ಇನ್ನೂ ಹುಡುಗಿಯೇ ಇದ್ದೀ ಎಂದರು. ಆಮೇಲೆ ಕಿಟಕಿಯ ಹತ್ತಿರ ಕೂತು ತಾವೇ ಸೂಜಿಗೆ ದಾರ ಪೋಣಿಸಿದರು. ಇನ್ನು ನನಗಿಲ್ಲಿ ಕೆಲಸವಿಲ್ಲವೆಂದು ಏಳಹೋದೆ. ಸೆರಗು ಹಿಡಿದು ಕೂರಿಸಿ, ಸೂಜಿಯನ್ನೇ ನನ್ನ ಕೈಗಿತ್ತರು. ಒಂದು ಸಾಲು ಹೊಲಿದು ತೋರಿಸಿದೆ.

ಕೌದಿಯನ್ನು ಬಲಗಣ್ಣಿನ ಹತ್ತಿರ ತಂದು ನಿಧಾನವಾಗಿ ನೋಡಿದರು.

“ಈಗ ಎಲ್ಲಾ ಕಾಣಸ್ತದ ನನಗ,” ಅಂದರು. “ಬಿಚ್ಚು.”